ಸ್ಥೂಲಫಲದಿಂದ ಸೂಕ್ಷ್ಮಫಲದ ಪರೀಕ್ಷೆ: ಗಣಿತಗ್ರಂಥಗಳ ಪಾಠಶೋಧನೆಯಲ್ಲಿ ಒಂದು ವಿಚಾರ

ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೆ ಸೇರಿದ ಬೆಳ್ಳಾರೆಯ ಹೆಸರು ಇತಿಹಾಸದಲ್ಲಿ ಕಾಣಿಸಿಕೊಳ್ಳುವುದು ಅಲ್ಲಿಯ ಖಜಾನೆಯ ಕಾರಣದಿಂದ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡಿತು. ಅದುವರೆಗೆ ಕೊಡಗಿನ ಅರಸರಿಗೆ ಅಧೀನವಾಗಿದ್ದ ಘಟ್ಟದ ಕೆಳಗಿನ ಅಮರಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಾಣ್ಯರೂಪವಾಗಿಯೇ ಸಲ್ಲಿಸಬೇಕೆಂದಾಯಿತು. ಈ ಅಸಮಾಧಾನವೂ ಇತರ ಕಾರಣಗಳೂ ಕೂಡಿ 1837ರಲ್ಲಿ ದಂಗೆಯೆದ್ದಾಗ, ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ಮೊದಲು ಕೈವಶವಾದುದು ಬೆಳ್ಳಾರೆಯ ಖಜಾನೆ. ದಂಡು ಅಲ್ಲಿಂದ ಮಂಗಳೂರಿನವರೆಗೂ ನಡೆಯಿತು. ಜೈನ ಅರಸುಮನೆತನದ ಲಕ್ಷ್ಮಪ್ಪ ಬಂಗರಸರು ಆ ಪಕ್ಷವನ್ನು ಸೇರಿ, ಕೊನೆಗೆ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿದ ಸಂಗತಿ ನಮ್ಮ ವಾಚಕರಿಗೆ ಹೊಸದಲ್ಲ.

ದಂಗೆಯ ಚರಿತ್ರೆಯನ್ನು ಬರೆಯುವುದು ಈ ಲೇಖನದ ಉದ್ದೇಶವಲ್ಲ. ಆ ಪ್ರಸಂಗದ ಬುಡದಲ್ಲಿರುವ ಒಂದು ಲೆಕ್ಕದ ವಿಷಯವನ್ನು ಮಾತ್ರ ಎತ್ತಿಕೊಂಡಿದ್ದೇನೆ. ಧಾನ್ಯವನ್ನು ಅಳೆದು ಕೊಡುವ ಒಕ್ಕಲಿಗನಿಗೆ ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸುವ ಸಾಮರ್ಥ್ಯವಿತ್ತು. ಈ ಜಿಲ್ಲೆಯಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು ಎಂಬುದು ಬಹುವಾಗಿ ನಡೆದುಬಂದ ಕ್ರಮ. 37 ಮುಡಿಗೆ ಎಷ್ಟು ಸೇರೆಂದು ಕೇಳಿದರೆ ಅಕ್ಷರ ಬಾರದ ಹಿರಿಯರು 42ನ್ನು 40 ಎಂದಿಟ್ಟುಕೊಂಡು 1480 ಎನ್ನುತ್ತಿದ್ದರು. ಬಿಟ್ಟ ಎರಡೆರಡು ಸೇರಿಗೆ 74 ಸೇರಿಸಿ 1554 ಎನ್ನುತ್ತಿದ್ದರು. ಬರೆದವನು 1954 ಎಂದು ಬರೆದಿದ್ದರೆ, ಎರಡನೆಯ ಹೆಜ್ಜೆಗೆ ಹೋಗುವ ಮೊದಲೇ ತಪ್ಪು ಸಿಕ್ಕಿಬೀಳುತ್ತಿತ್ತು. ಧಾನ್ಯದ ಸ್ಥಾನದಲ್ಲಿ ನಾಣ್ಯ ಬಂದೊಡನೆ ಮುಡಿ ಮತ್ತು ಸೇರಿನ ನಡುವೆ ಪೇಟೆಯ ಧಾರಣೆ ಎಂಬ ಮೂರನೆಯ ರಾಶಿ ಸೇರಿತು. ಸುಗ್ಗಿಯಲ್ಲಿ ಇಳಿದು ಮಳೆಗಾಲದಲ್ಲಿ ಏರುವ ಆ ರಾಶಿಯನ್ನು ಕಣ್ಣಳತೆಯಿಂದ ಹಿಡಿಯುವುದು ಒಕ್ಕಲಿಗನಿಗೆ ಅಸಾಧ್ಯ. ಕಾಗದದಲ್ಲಿ ಬರೆದ ಅಂಕೆಯನ್ನು ಒಪ್ಪುವುದು, ಇಲ್ಲವೇ ಜಗಳಕ್ಕೆ ನಿಲ್ಲುವುದು, ಎರಡೇ ದಾರಿಗಳು ಉಳಿದವು.

ಹಸ್ತಪ್ರತಿಗಳನ್ನು ಓದುವ ನಾವು ಅಂಕೆಗಳ ವಿಷಯದಲ್ಲಿ ಇಂಥದೇ ಸ್ಥಿತಿಯಲ್ಲಿದ್ದೇವೆ. ಕಾವ್ಯದಲ್ಲಿ ಒಂದು ಪದ ಕೆಟ್ಟರೆ ಅರ್ಥ ಕೂಗಿ ಹೇಳುತ್ತದೆ. ಅರ್ಥ ಸುಮ್ಮನಿದ್ದರೂ ಛಂದಸ್ಸು ಹೇಳುತ್ತದೆ. ಸಂಖ್ಯೆಗೆ ಈ ಎರಡು ಕಾವಲುಗಳೂ ಇಲ್ಲ. ‘ದ್ವಿ’ ಎಂಬಲ್ಲಿ ಲಿಪಿಕಾರನು ‘ತ್ರಿ’ ಎಂದು ಬರೆದರೆ ಮಾತ್ರೆ ಕೆಡುವುದಿಲ್ಲ. ಎರಡೂ ಲಘುವೇ, ಎರಡೂ ಸಂಯುಕ್ತಾಕ್ಷರವಾದುದರಿಂದ ಹಿಂದಿನ ಅಕ್ಷರವನ್ನು ಸಮಾನವಾಗಿ ಗುರುವಾಗಿಸುತ್ತವೆ. ‘ಪಂಚ’ ‘ಸಪ್ತ’ಗಳೂ ಹಾಗೆಯೇ. ಅಂಕೆಗಳಲ್ಲಿ ಬರೆದಿದ್ದರೆ ಕಷ್ಟ ಇನ್ನೂ ಹೆಚ್ಚು: ಕಂಟದ ಗೀರು ಸ್ವಲ್ಪ ಜಾರಿದರೆ ಕನ್ನಡದ ಆರು ಒಂಬತ್ತನ್ನು ಹೋಲುತ್ತದೆ, ಅರ್ಧಕ್ಕೆ ನಿಂತ ಸೊನ್ನೆ ಒಂದಾಗುತ್ತದೆ. ಇಂಥ ದೋಷಗಳನ್ನು ಹಿಡಿಯಲು ಇರುವ ಉಪಾಯಗಳಲ್ಲಿ ಮೊದಲನೆಯದು ಸ್ಥೂಲಗಣನೆ. ಈ ಉಪಾಯಕ್ಕೆ ಬೇಕಾದ ಸಾಮಗ್ರಿಯನ್ನು ನಮ್ಮ ಆಚಾರ್ಯರೇ ಗ್ರಂಥಗಳೊಳಗೆ ಒದಗಿಸಿದ್ದಾರೆಂಬುದನ್ನೂ, ಅದನ್ನು ಎಚ್ಚರತಪ್ಪಿ ಬಳಸಿದರೆ ಗ್ರಂಥಕ್ಕೇ ಹಾನಿಯೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸುತ್ತೇನೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವು ಈ ವಿಚಾರಕ್ಕೆ ಮುಖ್ಯವಾದ ಆಧಾರ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಇದನ್ನು ಪ್ರಕಟಿಸಿದಾಗ ಬಳಸಿದ ಪ್ರತಿಗಳಲ್ಲಿ, ಮೂಡಬಿದಿರೆಯ ಜೈನಮಠದ ಪ್ರತಿಯಿಂದ ಕಾಗದಕ್ಕೆ ಇಳಿಸಿದ ಕನ್ನಡ ಲಿಪಿಯ ಪ್ರತಿಯೂ ಒಂದು. ಅದರಲ್ಲಿ ಸಮಸ್ಯೆಗಳ ಸಂಕ್ಷೇಪವೂ ಉತ್ತರಗಳೂ ಕನ್ನಡದಲ್ಲಿವೆ. ಮಹಾವೀರಾಚಾರ್ಯನ ಉದಾಹರಣಶ್ಲೋಕಗಳು ಸಾಮಾನ್ಯವಾಗಿ ಪ್ರಶ್ನೆಯನ್ನು ಕೇಳಿ ನಿಲ್ಲುತ್ತವೆ. ಉತ್ತರವನ್ನು ಹೇಳುವವರು ಟೀಕಾಕಾರರು. ಆದುದರಿಂದ ಪ್ರಶ್ನೆಗೂ ಉತ್ತರಕ್ಕೂ ಹೊಂದಿಕೆಯಾಗದಿದ್ದರೆ ತಪ್ಪು ಶ್ಲೋಕದಲ್ಲಿರಬಹುದು, ಟೀಕೆಯಲ್ಲಿರಬಹುದು, ನಕಲಿನಲ್ಲಿರಬಹುದು. ಶೋಧಕನು ಮೂರು ಕಡೆಯೂ ನೋಡಬೇಕಾಗುತ್ತದೆ. ಗ್ರಂಥವು ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿರುವುದರಿಂದ, ಈಗ ಸಂಸ್ಕೃತದ ಪರಿಚಯ ಕಡಿಮೆಯಿರುವವರೂ ಈ ಕೆಲಸದಲ್ಲಿ ತೊಡಗಬಹುದು.

ಕ್ಷೇತ್ರಗಣಿತವ್ಯವಹಾರದ ಆರಂಭದಲ್ಲಿಯೇ ಆಚಾರ್ಯನು ಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡಾಗಿ ವಿಂಗಡಿಸುತ್ತಾನೆ. ಚತುರ್ಭುಜಕ್ಕೆ ಎದುರುಬದುರಿನ ಭುಜಗಳ ಅರ್ಧಮೊತ್ತಗಳನ್ನು ಗುಣಿಸಿದರೆ ಬರುವುದು ವ್ಯಾವಹಾರಿಕಫಲ. ತ್ರಿಭುಜಕ್ಕೆ ಎರಡು ಭುಜಗಳ ಅರ್ಧಮೊತ್ತವನ್ನು ಭೂಮಿಯ ಅರ್ಧದಿಂದ ಗುಣಿಸಬೇಕು. ವೃತ್ತಕ್ಕೆ ವ್ಯಾಸದ ಮೂರು ಮಡಿ ಪರಿಧಿಯೆಂಬುದು ಸ್ಥೂಲ. ವ್ಯಾಸವರ್ಗದ ಹತ್ತು ಮಡಿಯ ಮೂಲವೇ ಪರಿಧಿಯೆಂಬುದು ಸೂಕ್ಷ್ಮ. ಸ್ಥೂಲಸೂತ್ರವು ಗಣಿತವರಿಯದ ಹೊಲದವನಿಗಾಗಿ, ಸೂಕ್ಷ್ಮಸೂತ್ರವು ಪಂಡಿತನಿಗಾಗಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವಿರಬಹುದು. ಆದರೆ ಎರಡನ್ನೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿರಿಸಿಕೊಂಡು ಓದುವವನಿಗೆ ಇನ್ನೊಂದು ಪ್ರಯೋಜನ ಕಾಣುತ್ತದೆ: ಸ್ಥೂಲಫಲವು ನಿಜವಾದ ಫಲದಿಂದ ಯಾವ ದಿಕ್ಕಿಗೆ ತಪ್ಪುತ್ತದೆಂಬುದು ನಿಶ್ಚಿತವಾಗಿದೆ.

ಚತುರ್ಭುಜದ ವ್ಯಾವಹಾರಿಕಫಲವು ನಿಜಫಲಕ್ಕಿಂತ ಎಂದೂ ಕಡಿಮೆಯಾಗದು. ಆಯತದಲ್ಲಿ ಮಾತ್ರ ಎರಡೂ ಸಮ. ತ್ರಿಭುಜದಲ್ಲಿ ಅದು ಯಾವಾಗಲೂ ಹೆಚ್ಚು. ವೃತ್ತದಲ್ಲಿ ಇದಕ್ಕೆ ವಿರುದ್ಧವಾಗಿ ಸ್ಥೂಲವು ಕಡಿಮೆ. ಗೋಲದಲ್ಲಿ ಮತ್ತೆ ತಿರುಗುತ್ತದೆ: ವ್ಯಾಸಾರ್ಧದ ಘನದ ಅರ್ಧವನ್ನು ಒಂಬತ್ತರಿಂದ ಗುಣಿಸಿದರೆ ಸ್ಥೂಲಫಲ, ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮಫಲ. ಹಾಗಾಗಿ ಯಾವುದಾದರೂ ಪ್ರತಿಯಲ್ಲಿ ತ್ರಿಭುಜದ ಸೂಕ್ಷ್ಮಫಲವು ಅದರ ಸ್ಥೂಲಫಲಕ್ಕಿಂತ ದೊಡ್ಡದಾಗಿ ಕಂಡರೆ, ಮೂಲವನ್ನು ತೆಗೆಯುವ ಶ್ರಮವನ್ನೇ ಪಡದೆ ಪಾಠ ಕೆಟ್ಟಿದೆಯೆಂದು ಹೇಳಬಹುದು.

ಖಾತವ್ಯವಹಾರದಲ್ಲಿ ಈ ತತ್ತ್ವವು ಪೂರ್ಣರೂಪದಲ್ಲಿ ಪ್ರಕಟವಾಗುತ್ತದೆ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಗುಂಡಿಯ ಘನಫಲಕ್ಕೆ ಆಚಾರ್ಯನು ಕರ್ಮಾಂತಿಕ, ಔಂಡ್ರ ಎಂಬ ಎರಡು ಸ್ಥೂಲಫಲಗಳನ್ನು ಹೇಳುತ್ತಾನೆ. ಬಾಯಿ ಮತ್ತು ತಳದ ಭುಜಗಳ ಸರಾಸರಿಯಿಂದ ಪಡೆದ ಕ್ಷೇತ್ರವನ್ನು ಆಳದಿಂದ ಗುಣಿಸಿದರೆ ಕರ್ಮಾಂತಿಕ. ಎರಡರ ಕ್ಷೇತ್ರಫಲಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಔಂಡ್ರ. ಇವೆರಡರ ಅಂತರದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಸೇರಿಸಿದರೆ ಸೂಕ್ಷ್ಮಫಲ. ನಾನೇ ಕಲ್ಪಿಸಿದ ಸಣ್ಣ ಉದಾಹರಣೆಯೊಂದನ್ನು ಕೊಡುತ್ತೇನೆ. ಬಾಯಿ 10 ಹಸ್ತ ಚದರ, ತಳ 6 ಹಸ್ತ ಚದರ, ಆಳ 3 ಹಸ್ತ ಇರಲಿ. ಭುಜಗಳ ಸರಾಸರಿ 8, ಅದರ ವರ್ಗ 64, ಆಳದಿಂದ ಗುಣಿಸಿದರೆ ಕರ್ಮಾಂತಿಕ 192. ಕ್ಷೇತ್ರಗಳು 100 ಮತ್ತು 36, ಸರಾಸರಿ 68, ಔಂಡ್ರ 204. ಅಂತರ 12, ಅದರ ಮೂರನೆಯ ಪಾಲು 4, ಸೂಕ್ಷ್ಮಫಲ 196 ಘನಹಸ್ತ. ಇಂದಿನ ಗಣಿತದಿಂದಲೂ ಈ ಗುಂಡಿಗೆ 196 ಎಂಬುದೇ ಸರಿಯಾದ ಉತ್ತರ.

ಎರಡು ಅಂದಾಜುಗಳು ಎರಡು ಗಡಿಕಲ್ಲುಗಳಂತೆ ನಿಂತಿವೆ. 192ಕ್ಕಿಂತ ಕಡಿಮೆಯಾದ, 204ಕ್ಕಿಂತ ಹೆಚ್ಚಾದ ಯಾವ ಪಾಠವೂ ಇಲ್ಲಿ ನಿಲ್ಲಲಾರದು. ಆಚಾರ್ಯನು ಇದನ್ನು ಪರೀಕ್ಷಾಸೂತ್ರವೆಂದು ಕರೆದಿಲ್ಲ, ಸಾಧನಸೂತ್ರವೆಂದೇ ಹೇಳಿದ್ದಾನೆ. ಪರೀಕ್ಷೆಗೆ ಬಳಸಬಹುದೆಂಬ ಮಾತು ನನ್ನದು.

ಈ ಉಪಾಯದ ಅಪಾಯವನ್ನು ಸ್ವಂತ ಅನುಭವದಿಂದಲೇ ಹೇಳಬೇಕಾಗಿದೆ. ಬಹಳ ವರ್ಷಗಳ ಹಿಂದೆ, ಪ್ರತಿಗಳ ಕೆಲಸಕ್ಕೆ ಹೊಸಬನಾಗಿದ್ದಾಗ, ಒಂದು ಗಣಿತದ ಓಲೆಯನ್ನು ನಕಲು ಮಾಡುತ್ತಿದ್ದೆ. ಭುಜವು ಎಂಟು ದಂಡವಿರುವ ಸಮತ್ರಿಭುಜದ ಫಲ 32 ಎಂದಿತ್ತು. ಶಾಲೆಯಲ್ಲಿ ಕಲಿತ ಸೂತ್ರದಂತೆ ಲೆಕ್ಕಮಾಡಿದರೆ 27ಕ್ಕಿಂತ ಸ್ವಲ್ಪ ಹೆಚ್ಚು, 28ಕ್ಕೆ ಕಡಿಮೆ ಬರುತ್ತದೆ, 768ರ ವರ್ಗಮೂಲ. ಲಿಪಿಕಾರನು ಎಡವಿದ್ದಾನೆಂದು ತಿಳಿದು 32ನ್ನು ತೆಗೆದು ತಿದ್ದಿಬರೆದೆ. ಪ್ರತಿಯಲ್ಲಿದ್ದ ಪಾಠವನ್ನು ಅಡಿಯಲ್ಲಿ ಗುರುತುಮಾಡಲೂ ಇಲ್ಲ. ಎರಡು ದಿನಗಳ ಬಳಿಕ ಮುಂದಿನ ಗರಿಗಳನ್ನು ಓದುವಾಗ ಅದು ವ್ಯಾವಹಾರಿಕಫಲದ ಪ್ರಕರಣವೆಂದು ತಿಳಿಯಿತು. ಎಂಟರ ಸರಾಸರಿ ಎಂಟು, ಭೂಮಿಯ ಅರ್ಧ ನಾಲ್ಕು, ಫಲ 32. ಲಿಪಿಕಾರನು ಸರಿಯಾಗಿಯೇ ಬರೆದಿದ್ದ, ತಪ್ಪು ನನ್ನದಾಗಿತ್ತು. ಆ ಗರಿಗಳು ನನ್ನ ಕೈಯಲ್ಲೇ ಇದ್ದುದರಿಂದ ಸರಿಪಡಿಸಲು ಸಾಧ್ಯವಾಯಿತು. ಮೂಲಪ್ರತಿ ಹುಳುಹಿಡಿದು ಹೋಗಿ ಇಂಥ ‘ತಿದ್ದಿದ’ ನಕಲು ಮಾತ್ರ ಉಳಿದಿದ್ದರೆ, ಗ್ರಂಥಕಾರನ ಸ್ಥೂಲಸೂತ್ರಕ್ಕೆ ಉದಾಹರಣೆಯೇ ಇಲ್ಲದಂತಾಗುತ್ತಿತ್ತು.

ಭೂತಸಂಖ್ಯೆಗಳಲ್ಲಿ ಬರೆದ ರಾಶಿಗಳಿಗೆ ಸ್ಥೂಲಗಣನೆಯು ಇನ್ನೂ ಅವಶ್ಯಕ. ಜೈನ ಗ್ರಂಥದಲ್ಲಿ ‘ತತ್ತ್ವ’ವೆಂದರೆ ಏಳು, ‘ಪದಾರ್ಥ’ವೆಂದರೆ ಒಂಬತ್ತು; ಸಾಂಖ್ಯದ ಸಂಪ್ರದಾಯದಲ್ಲಿ ಬೆಳೆದ ಓದುಗನಿಗೆ ‘ತತ್ತ್ವ’ವು ಇಪ್ಪತ್ತೈದು. ಒಂದು ಅಂಕೆಯ ಸ್ಥಾನದಲ್ಲಿ ಎರಡು ಅಂಕೆಗಳು ಕುಳಿತರೆ ಎಡಗಡೆಯ ಅಂಕೆಗಳೆಲ್ಲ ಒಂದೊಂದು ಸ್ಥಾನ ಮೇಲೇರಿ, ರಾಶಿಯು ಸುಮಾರು ಹತ್ತು ಮಡಿಯಾಗುತ್ತದೆ. ಉತ್ತರವು ಸಾವಿರದ ಮಟ್ಟದಲ್ಲಿರಬೇಕೋ ಹತ್ತುಸಾವಿರದ ಮಟ್ಟದಲ್ಲಿರಬೇಕೋ ಎಂದು ಮೊದಲೇ ಅಂದಾಜು ಮಾಡಿಕೊಂಡವನು ಇಲ್ಲಿ ಮೋಸಹೋಗುವುದಿಲ್ಲ.

ಅಂಕೆಗಳನ್ನು ಬಲದಿಂದ ಎಡಕ್ಕೆ ಇರಿಸಬೇಕೆಂಬ ಕ್ರಮವನ್ನು ಮರೆತು ತಿರುವಿ ಬರೆಯುವುದು ಇನ್ನೊಂದು ಸಾಮಾನ್ಯ ದೋಷ. ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಕಾಣುವ, ಅಂಕೆಗಳನ್ನು ಕೂಡಿಸಿ ಒಂಬತ್ತನ್ನು ಕಳೆಯುತ್ತ ಹೋಗುವ ಪರೀಕ್ಷೆ ಈ ದೋಷವನ್ನು ಹಿಡಿಯಲಾರದು. ಮೇಲಿನ 1554ನ್ನು ತಿರುವಿದರೆ 4551. ಎರಡರಲ್ಲಿಯೂ ಅಂಕೆಗಳ ಮೊತ್ತ 15, ಉಳಿಯುವುದು 6. ಗುಣ್ಯವಾದ 37ರಿಂದ ಉಳಿಯುವುದು 1, ಗುಣಕವಾದ 42ರಿಂದ 6, ಗುಣಿಸಿದರೆ ಆರೇ. ನವಶೇಷಪರೀಕ್ಷೆಯಲ್ಲಿ ಎರಡೂ ತೇರ್ಗಡೆ. ಅಂದಾಜಿಗೆ ಮಾತ್ರ 4551 ನಿಲ್ಲದು. ಆದರೆ 1564 ಎಂದು ತಪ್ಪಿದ್ದರೆ ಅಂದಾಜು ಸುಮ್ಮನಿರುತ್ತದೆ. ಅಂಕಮೊತ್ತ 16, ಶೇಷ 7 ಆದುದರಿಂದ ಒಂಬತ್ತರ ಪರೀಕ್ಷೆ ಹಿಡಿದುಕೊಡುತ್ತದೆ. ಒಂದು ಪರೀಕ್ಷೆಯ ಕುರುಡು ಜಾಗ ಇನ್ನೊಂದಕ್ಕೆ ಕಾಣುವುದರಿಂದ ಎರಡನ್ನೂ ಮಾಡುವುದು ಲೇಸು.

ಮಹಾವೀರಾಚಾರ್ಯನು ಗುಣಾಕಾರಪ್ರಕರಣದಲ್ಲಿ ಕೊಡುವ ಕಂಠಾಭರಣದಂಥ ರಾಶಿಗಳು ಇಲ್ಲಿ ನೆನಪಾಗುತ್ತವೆ. 27994681ನ್ನು 441ರಿಂದ ಗುಣಿಸಿದರೆ 12345654321. ಯಾವ ಕಡೆಯಿಂದ ಓದಿದರೂ ಒಂದೇ. ಗುಣ್ಯವನ್ನು ಎರಡು ಕೋಟಿ ಎಂಬತ್ತು ಲಕ್ಷವೆಂದೂ ಗುಣಕವನ್ನು 440 ಎಂದೂ ಇಟ್ಟುಕೊಂಡರೆ 1232 ಕೋಟಿ ಬರುತ್ತದೆ. ನಿಜವಾದ ಫಲ 1234 ಕೋಟಿ 56 ಲಕ್ಷಕ್ಕೆ ಸ್ವಲ್ಪ ಮೇಲೆ. ಇಂಥ ಉದಾಹರಣೆಗಳನ್ನು ಬರಿಯ ಚಮತ್ಕಾರವೆಂದು ಕಡೆಗಣಿಸುವವರಿದ್ದಾರೆ. ಆದರೆ ಉತ್ತರದ ಅಂದವೇ ಇಲ್ಲಿ ಪಾಠಕ್ಕೆ ಕಾವಲಾಗಿದೆ: ಗುಣ್ಯದಲ್ಲಿ ಒಂದು ಅಂಕೆ ಕೆಟ್ಟರೂ ಹಾರದ ಮಣಿಗಳು ಚೆದುರುತ್ತವೆ.

ಈಗ ಜಂಬೂದ್ವೀಪದ ಪರಿಧಿಯ ವಿಷಯ. ವ್ಯಾಸ ಒಂದು ಲಕ್ಷ ಯೋಜನ. ಪರಿಧಿಯು 316227 ಯೋಜನ, 3 ಗವ್ಯೂತಿ, 128 ಧನುಸ್ಸು, 13½ ಅಂಗುಲಕ್ಕೆ ಸ್ವಲ್ಪ ಹೆಚ್ಚು ಎಂಬುದು ಪಂಡಿತರೆಲ್ಲರಿಗೂ ಕಂಠಪಾಠ. ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯು ಅಂಗುಲಕ್ಕೂ ಕೆಳಗಿಳಿದು ಯವ, ಯೂಕ, ಲಿಕ್ಷಾ ಮೊದಲಾದ ಮಾನಗಳನ್ನು ದಾಟಿ ಅವಸನ್ನಾಸನ್ನದವರೆಗೆ ಲೆಕ್ಕವನ್ನು ಒಯ್ದು, ಕೊನೆಗೆ 105409ರಲ್ಲಿ 23213 ಪಾಲು ಎಂಬ ಭಿನ್ನದಲ್ಲಿ ನಿಲ್ಲಿಸುತ್ತದೆ. ಈ ಛೇದವೇ ಲೆಕ್ಕದ ಕ್ರಮವನ್ನು ಬಯಲುಮಾಡುತ್ತದೆ. 316227ರ ವರ್ಗವನ್ನು ಹತ್ತುಸಾವಿರ ಕೋಟಿಯಿಂದ ಕಳೆದರೆ ಉಳಿಯುವುದು 484471. ಇದನ್ನು ಮೂಲದ ಇಮ್ಮಡಿಯಾದ 632454ರಿಂದ ಭಾಗಿಸಿದರೆ ಯೋಜನದ ಭಾಗ ಬರುತ್ತದೆ. 632454ರ ಆರನೆಯ ಒಂದು ಪಾಲೇ 105409. ಈ ಭಾಗಾಕಾರವನ್ನು ಅಂಗುಲದ ಕೆಳಗೆ ಎಂಟೆಂಟರ ಹನ್ನೆರಡು ಮೆಟ್ಟಿಲುಗಳಲ್ಲಿ ನಾನು ಕೈಯಿಂದಲೇ ಮಾಡಿ ನೋಡಿದೆ. ಕೊನೆಯಲ್ಲಿ ಉಳಿದದ್ದು 23213. ಎಷ್ಟೋ ತಲೆಮಾರುಗಳ ಲಿಪಿಕಾರರ ಕೈದಾಟಿ ಬಂದ ಭಿನ್ನವು ಒಂದು ಅಂಕೆಯೂ ತಪ್ಪದೆ ಉಳಿದಿರುವುದನ್ನು ಕಂಡ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಆದರೆ ಅಂಕೆಗಳ ಸೂಕ್ಷ್ಮತೆ ಬೇರೆ, ಫಲದ ಸೂಕ್ಷ್ಮತೆ ಬೇರೆ. ಶೇಷವನ್ನು ಇಮ್ಮಡಿ ಮೂಲದಿಂದ ಭಾಗಿಸುವ ಕ್ರಮವು ನಿಜವಾದ ಮೂಲಕ್ಕಿಂತ ಯಾವಾಗಲೂ ತುಸು ಹೆಚ್ಚಿನ ಫಲವನ್ನು ಕೊಡುತ್ತದೆ. ಇಲ್ಲಿ ಆ ಹೆಚ್ಚಳ ಸುಮಾರು ಮುಕ್ಕಾಲು ಅಂಗುಲ. ಹತ್ತರ ಮೂಲವನ್ನು ಪೂರ್ಣವಾಗಿ ತೆಗೆದಿದ್ದರೆ 13½ರ ಬದಲು 13 ಅಂಗುಲಕ್ಕೂ ಸ್ವಲ್ಪ ಕಡಿಮೆ ಬರುತ್ತಿತ್ತು. ಹೀಗಿರುವಾಗ ಅಂಗುಲದ ಕೆಳಗಿನ ಮಾನಗಳೆಲ್ಲವೂ ಲೆಕ್ಕದ ಕ್ರಮದಿಂದ ಹುಟ್ಟಿದವೇ ಹೊರತು ಹತ್ತರ ಮೂಲದಿಂದಲ್ಲ. ಇನ್ನು ಇಂದಿನ ಗಣಿತದ ಅನುಪಾತದಂತೆ ಲಕ್ಷ ವ್ಯಾಸದ ವೃತ್ತಕ್ಕೆ ಪರಿಧಿ 314159. ಅಂತರ 2068 ಯೋಜನ. ಇದನ್ನು ಹೇಳುವುದು ಆಚಾರ್ಯರನ್ನು ಹಳಿಯಲಿಕ್ಕಲ್ಲ. 316227ನ್ನು 314159 ಎಂದು ‘ತಿದ್ದುವ’ ಉತ್ಸಾಹಿಯು ಆಗಮದ ಪಾಠವನ್ನೂ ಲೆಕ್ಕದ ಚರಿತ್ರೆಯನ್ನೂ ಒಟ್ಟಿಗೆ ಕೆಡಿಸುತ್ತಾನೆಂಬುದನ್ನು ತೋರಿಸಲಿಕ್ಕೆ.

ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳಲ್ಲಿ ಉಳಿದುಬಂದ ‘ಧವಲಾ’ ಟೀಕೆಯಲ್ಲಿ ಇದಕ್ಕಿಂತ ತೊಡಕಿನ ಸಂದರ್ಭವೊಂದಿದೆ. ಸೂಕ್ಷ್ಮಕ್ಕಿಂತಲೂ ಸೂಕ್ಷ್ಮವೆಂದು ಹೇಳಿ ವೀರಸೇನಾಚಾರ್ಯರು ಉದ್ಧರಿಸುವ ಸೂತ್ರದಂತೆ, ವ್ಯಾಸವನ್ನು 16ರಿಂದ ಗುಣಿಸಿ, 16ನ್ನು ಕೂಡಿಸಿ, 113ರಿಂದ ಭಾಗಿಸಿ, ವ್ಯಾಸದ ಮೂರು ಮಡಿಗೆ ಸೇರಿಸಬೇಕು. ವ್ಯಾಸ ಲಕ್ಷವಾದರೆ ಫಲ 314159ಕ್ಕೆ ಅರ್ಧದಷ್ಟೂ ಹೆಚ್ಚಿಲ್ಲ. ಅತ್ಯಂತ ನಿಕಟವಾದ ಫಲ. ಅದೇ ಸೂತ್ರದಲ್ಲಿ ವ್ಯಾಸವನ್ನು ಒಂದೆಂದು ಇಟ್ಟುನೋಡೋಣ: ಮೂರು ಮತ್ತು 113ರಲ್ಲಿ 32 ಪಾಲು, ಅಂದರೆ ಸುಮಾರು 3.28. ಇದು ಹತ್ತರ ಮೂಲವಾದ 3.16ಕ್ಕಿಂತಲೂ ದೂರ ಹೋಯಿತು. ಕೂಡಿಸಿದ 16ನ್ನು ಬಿಟ್ಟರೆ ಅನುಪಾತವು 355ಕ್ಕೆ 113 ಆಗಿ, ಸಣ್ಣ ವ್ಯಾಸಕ್ಕೂ ದೊಡ್ಡ ವ್ಯಾಸಕ್ಕೂ ಸಮನಾಗಿ ಸಲ್ಲುತ್ತದೆ.

ಹಾಗಾದರೆ ಆ ‘ಹದಿನಾರು ಕೂಡಿಸಿ’ ಎಂಬ ಮಾತನ್ನು ತೆಗೆಯೋಣವೇ? ನನ್ನ ಅಭಿಪ್ರಾಯದಲ್ಲಿ ಕೂಡದು. ಲಕ್ಷ ಯೋಜನದ ವೃತ್ತದಲ್ಲಿ ಆ ಹದಿನಾರರಿಂದ ಬರುವ ವ್ಯತ್ಯಾಸ ಯೋಜನದ ಏಳನೆಯ ಒಂದು ಪಾಲು ಮಾತ್ರ. ದ್ವೀಪಸಮುದ್ರಗಳನ್ನು ಅಳೆಯುವವರಿಗೆ ಅದು ಕಣ್ಣಿಗೆ ಬೀಳದು. ಒಂದರ ವ್ಯಾಸದಲ್ಲಿ ಮಾಡಿದ ಸ್ಥೂಲಪರೀಕ್ಷೆಯು ಇಲ್ಲಿ ಸಂಶಯವನ್ನು ಎತ್ತಿತೇ ಹೊರತು, ಆ ಮಾತು ಲಿಪಿದೋಷವೋ, ಅನ್ವಯಭೇದವೋ, ಉದ್ಧರಿಸಿದ ಮೂಲದಲ್ಲಿಯೇ ಹಾಗಿತ್ತೋ ಎಂಬುದನ್ನು ತೀರ್ಮಾನಿಸಲಿಲ್ಲ. ಅದಕ್ಕೆ ಪ್ರತಿಗಳನ್ನೇ ಕೇಳಬೇಕು. ಪಾಠವನ್ನು ಇದ್ದಂತೆ ಇರಿಸಿ, ಪರೀಕ್ಷೆಯ ಫಲವನ್ನು ಟಿಪ್ಪಣಿಯಲ್ಲಿ ಬರೆಯುವುದಷ್ಟೇ ಸಂಪಾದಕನ ಅಧಿಕಾರ.

ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವೇ ಮೊದಲಾದ ಕೃತಿಗಳನ್ನೂ ಈ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ, ಅದನ್ನು ಇನ್ನೊಂದು ಲೇಖನಕ್ಕೆ ಬಿಡುತ್ತೇನೆ. ಇಲ್ಲಿ ಹೇಳಬೇಕಾದುದು ಶಾಸ್ತ್ರಗ್ರಂಥವಲ್ಲದ ಬರಹಗಳ ಬಗ್ಗೆ. ತುಳುನಾಡಿನ ಹಳೆಯ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಗೇಣಿಯ, ಸಾಲದ, ಬಸದಿ ದೇವಸ್ಥಾನಗಳ ಉಂಬಳಿಯ ಲೆಕ್ಕದ ಓಲೆಗಳೂ ಕಡತಗಳೂ ದೊರೆಯುವುದುಂಟು. ಸಾಹಿತ್ಯವಲ್ಲವೆಂದು ಸೂಚೀಕಾರರು ಇವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬೆಳ್ಳಾರೆ, ಪಂಜ, ಸುಳ್ಯದ ಕಡೆ 1834ರ ಹಿಂದಿನ ಮತ್ತು ಮುಂದಿನ ಇಂಥ ಲೆಕ್ಕಗಳು ಯಾರ ಕೈಗಾದರೂ ಸಿಕ್ಕರೆ, ಧಾನ್ಯವು ನಾಣ್ಯವಾದ ಬಗೆಯನ್ನು ಮನೆಮನೆಯ ಅಂಕೆಗಳಲ್ಲಿ ನೋಡಬಹುದು. ಆದರೆ ಅಂಥ ಓಲೆಯ ಮೊತ್ತವನ್ನು ಪರೀಕ್ಷಿಸುವ ಮೊದಲು ಅಳತೆಯನ್ನು ನಿಶ್ಚಯಿಸಿಕೊಳ್ಳಬೇಕು. ಮುಡಿಯ ಸೇರು ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. 37 ಮುಡಿಗೆ 1480 ಸೇರೆಂದು ಬರೆದಿದ್ದರೆ, ಬರೆದವನು 74 ಸೇರನ್ನು ನುಂಗಿದನೆಂದು ಒಡನೆಯೇ ಹೇಳಲಾಗದು. ಆ ಮನೆಯ ಮುಡಿ 40 ಸೇರಿನದಾಗಿದ್ದಿರಬಹುದು.